ಮೈಲಿಗಲ್ಲಿನ ಹತ್ತಿರ ನಿಂತ ಕಾರು

ನಮ್ಮ ಊರಿನ ರಸ್ತೆಯ ಗುಂಡಿಗಳು ಯಾರಾದರೂ ನೋಡುತ್ತಿರುವಷ್ಟು ಹೊತ್ತು ಇದ್ದಲ್ಲೇ ಇರುತ್ತವೆ. ಕಣ್ಣು ತೆಗೆದರೆ ಸರಿಯುತ್ತವೆ. ದೂರವೇನೂ ಹೋಗುವುದಿಲ್ಲ, ಒಂದು ಮಾರು, ಹೆಚ್ಚೆಂದರೆ ಎರಡು ಮಾರು. ಡಾಂಬರು ಹಾಕಲು ಬಂದ ಕಂಟ್ರಾಕ್ಟರು ಒಂದು ಗುಂಡಿ ಮುಚ್ಚಿ ಟೀ ಕುಡಿದು ಬರುವಷ್ಟರಲ್ಲಿ ಗುಂಡಿ ಪಕ್ಕಕ್ಕೆ ಹೋಗಿತ್ತು, ಅವನು ಸುರಿದ ಡಾಂಬರು ದಿಬ್ಬವಾಗಿ ನಿಂತಿತ್ತು. ಎರಡು ವರ್ಷ ಬಿಟ್ಟು ಇನ್ನೊಮ್ಮೆ ಬಂದ. ಮೂರನೆಯ ಸಲ ಬರಲಿಲ್ಲ. ರಸ್ತೆಯಂಚಿನ ದಿಬ್ಬಗಳ ಮೇಲೆ ಈಗ ಮುದುಕರು ಸಂಜೆ ಹೊತ್ತು ಕೂತು ಮಾತಾಡುತ್ತಾರೆ.

ಮದುವೆ ಗಾಡಿಯೋ, ಹೆಣದ ಗಾಡಿಯೋ, ಬಸುರಿಯನ್ನು ಕೂರಿಸಿಕೊಂಡ ಆಟೋವೋ ಬರುವುದಿದ್ದರೆ ಮೊದಲೇ ಹೇಳಿಕಳಿಸುತ್ತಾರೆ. ಪ್ರತಿ ಮನೆಯಿಂದ ಒಬ್ಬರು ತಮ್ಮ ಬಾಗಿಲ ಮುಂದಿನ ಗುಂಡಿಯೆದುರು ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಅವರ ಕಣ್ಣು ಎಲ್ಲಿದೆಯೋ ಅಲ್ಲಿ ಗುಂಡಿ ಇದೆ ಎಂದು ಡ್ರೈವರಿಗೆ ತಿಳಿಯುತ್ತದೆ, ಅವನು ಪಕ್ಕದಿಂದ ಹೋಗುತ್ತಾನೆ. ಇದಕ್ಕೆ ಗುಂಡಿ ಕಾಯುವುದು ಅನ್ನುತ್ತೇವೆ. ರೆಪ್ಪೆ ಬಡಿದರೆ ತೊಂದರೆಯಿಲ್ಲ. ಯಾರೋ ಕರೆದರು ಎಂದು ತಿರುಗಿದರೆ ಗುಂಡಿ ಹೋಯಿತು.

ನನ್ನನ್ನು ಯಾರು ಕರೆದರೂ ನಾನು ತಿರುಗುತ್ತಿರಲಿಲ್ಲ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಎದ್ದು ನಿಂತು ಓದು ಎಂದರೆ ಅಕ್ಷರ ಎಲ್ಲ ಕಣ್ಣಿಗೆ ಕಾಣುತ್ತಿತ್ತು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಹೀಗೆ ಒಂದು ವರ್ಷ ನಿಂತುಕೊಂಡೇ ಇದ್ದೆ. ಆಮೇಲೆ ಅಪ್ಪ ನನ್ನನ್ನು ಶಾಲೆ ಬಿಡಿಸಿ ತನ್ನ ಪಂಕ್ಚರ್ ಅಂಗಡಿಯಲ್ಲಿ ಕೂರಿಸಿಕೊಂಡ. ಟ್ಯೂಬಿಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಎಲ್ಲಿಂದ ಬರುತ್ತದೆಂದು ನೋಡುವ ಕೆಲಸ ನನ್ನದು. ಅದು ಬಾಯಿ ಬೇಡದ ಕೆಲಸ. ಗುಂಡಿ ಕಾಯುವುದೂ ಹಾಗೆಯೇ. ಟೈರ್ ಗವಿಯಪ್ಪನ ಕಿರಿಮಗಳು ಗಿರಿಜಾ ಕೂತಿದ್ದಾಳೆ ಎಂದರೆ ಮದುವೆಮನೆಯವರು ಆ ಗುಂಡಿಯ ಯೋಚನೆ ಬಿಡುತ್ತಿದ್ದರು. ಹತ್ತು ವರ್ಷದಲ್ಲಿ ನನ್ನ ಕಣ್ಣಿನಡಿಯಿಂದ ಒಂದು ಗುಂಡಿಯೂ ಸರಿದಿರಲಿಲ್ಲ. ನನಗಿದ್ದ ಹೆಸರು ಅದೊಂದೇ.

ನನ್ನ ಅಕ್ಕ ನೀಲಾಳನ್ನು ಮೈಲಿಗಲ್ಲಿನಾಚೆಯ ಪೇಟೆಗೆ ಕೊಟ್ಟಿದ್ದೆವು. ಮೈಲಿಗಲ್ಲಿನವರೆಗೆ ರಸ್ತೆ ಕನ್ನಡಿಯ ಹಾಗಿದೆ, ಅಲ್ಲಿಂದ ಈಚೆಗಿನ ಒಂದು ಮೈಲಿ ನಮ್ಮದು. ಭಾವ ಪರಮೇಶಿ ಹನ್ನೊಂದು ವರ್ಷ ಬೇರೆಯವರ ಕಾರು ಓಡಿಸಿದವರು. ದಿನವೆಲ್ಲ ಓಡಿಸಿ, ಸಂಜೆ ತೊಳೆದು ಒರೆಸಿ, ಯಜಮಾನರ ಶೆಡ್ಡಿನಲ್ಲಿ ನಿಲ್ಲಿಸಿ, ತಾವು ನಡೆದುಕೊಂಡು ಮನೆಗೆ ಹೋಗುತ್ತಿದ್ದರು. ಮದುವೆಯಾದ ವರ್ಷ ಒಂದು ಹಳೆಯ ಕಾರು ಕೊಂಡರು. ಬಾಡಿಗೆಗೆ ಓಡಿಸಲು ಶುರು ಮಾಡಿದ ಮೇಲೆ ಅದಕ್ಕೆ ನಾಲ್ಕು ಅಲಾಯ್ ಚಕ್ರ ಹಾಕಿಸಿದರು.

ಗೌರಿ ಹಬ್ಬಕ್ಕೆ ಅಕ್ಕನನ್ನು ಕರೆದುಕೊಂಡು ಬಂದಾಗ ಆ ಚಕ್ರಗಳನ್ನು ನಾವು ಮೊದಲ ಸಲ ನೋಡಿದ್ದು. ಹೊಸ ಅಳಿಯ ಬರುತ್ತಾರೆಂದು ಬೀದಿಯವರೆಲ್ಲ ಗುಂಡಿ ಕಾದರು, ಕಾರು ಸುಖವಾಗಿ ಬಂತು. ಚಕ್ರದಲ್ಲಿ ಹತ್ತು ಕಡ್ಡಿ, ಒಂದೊಂದೂ ತೊಳೆದಿಟ್ಟ ಬೆಳ್ಳಿ ಚಮಚದ ಹಾಗೆ. ಅದರ ಸುತ್ತ ಟೈರು ಎಂದರೆ ಎರಡು ಬೆರಳು ಅಗಲದ ರಬ್ಬರು, ಅಷ್ಟೇ. ನಮ್ಮ ಬೀದಿಯಲ್ಲಿ ಎಲ್ಲರದೂ ಉಬ್ಬಿದ ಟೈರುಗಳು. ಎದುರುಮನೆಯ ಟೈಲರ್ ಕರೀಂ ಸಾಬ್ರು ಕನ್ನಡಕ ಮೇಲೆತ್ತಿ ನೋಡಿ, "ಏನ್ ಅಳಿಯಂದ್ರೆ, ಗಾಡಿಗೆ ಬಳೆ ತೊಡ್ಸಿ ಟೈರು ತೊಡ್ಸೋದು ಮರೆತ್ರಾ?" ಅಂದರು.

"ಇದು ಲೋ ಪ್ರೊಫೈಲ್ ಸಾಬ್ರೆ. ಹಿಂಗೇ ಇರೋದು," ಅಂದರು ಭಾವ.

ಅಪ್ಪ ಕುಕ್ಕರಗಾಲಲ್ಲಿ ಕೂತು ಟೈರಿನ ಪಕ್ಕವನ್ನು ಹೆಬ್ಬೆರಳಿನಿಂದ ಒತ್ತಿದ. "ಚೆನ್ನಾಗೈತೆ. ಆದ್ರೆ ಅಳಿಯಂದ್ರೆ, ಕಬ್ಬಿಣದ ರಿಮ್ಮು ಗುಂಡಿಗೆ ಬಿದ್ರೆ ಬಗ್ತದೆ, ನಾನು ಬಡಿದು ಸರಿ ಮಾಡ್ತೀನಿ. ಇದು ಬಗ್ಗಲ್ಲ. ಸೀಳ್ತದೆ."

ಆ ಮಾತು ಭಾವನ ಮನಸ್ಸಿಗೆ ನಾಟಿತು. ಮೂರು ದಿನ ಬಿಟ್ಟು ಹೊರಟಾಗ ಕಾಯಲು ಯಾರೂ ಇರಲಿಲ್ಲ. ಎಲ್ಲರೂ ಗೌರಿ ಬಿಡಲು ಕೆರೆಗೆ ಹೋಗಿದ್ದರು. ಕಾದು ಹೋಗಿ ಎಂದು ಅಪ್ಪ ಹೇಳಿದ. ಭಾವನಿಗೆ ಬಾಡಿಗೆಯ ಹೊತ್ತಾಗಿತ್ತು. ಅವರು ಹೊರಟ ಮುಕ್ಕಾಲು ಗಂಟೆಗೆ ಅಕ್ಕ ಒಬ್ಬಳೇ ಟ್ರಂಕು ಹಿಡಿದುಕೊಂಡು ನಡೆದು ಬಂದಳು. ರೇಷ್ಮೆ ಸೀರೆಯ ಅಂಚೆಲ್ಲ ಕೆಸರು.

"ಗುಂಡಿ ಬಂದ್ರೆ ಸಾಕು, ನೀಲಾ ಇಳಿ. ಗಾಡಿ ಭಾರಕ್ಕೆ ಕೂರ್ತದಂತೆ, ಚಕ್ರ ತಾಗ್ತದಂತೆ. ಇಳಿದೆ, ಹತ್ತಿದೆ. ಇಳಿದೆ, ಹತ್ತಿದೆ. ಹದಿನೇಳು ಸಲ. ಹದಿನೇಳನೇ ಸಲ ಇಳಿದವಳು ಹತ್ತಲಿಲ್ಲ," ಅಂದಳು. ಅವಳು ಅಳುತ್ತಿರಲಿಲ್ಲ. ಕಾಲು ತೊಳೆಯಲು ನೀರು ಕೇಳಿದಳು.

"ಗಂಡಸರಿಗೆ ಒಂದೊಂದು ಹುಚ್ಚಿರ್ತದೆ ಕಣೇ," ಅಂದಳು ಅವ್ವ.

"ಇರ್ಲಿ. ಅದರ ಭಾರ ನಾನಂತೆ."

ಮುಂದಿನ ಭಾನುವಾರ ಭಾವ ಬಂದರು. ಮೈಲಿಗಲ್ಲಿನ ಹತ್ತಿರ ಕಾರು ನಿಲ್ಲಿಸಿ, ಅಲ್ಲಿಗೆ ನಡೆದು ಬರಲು ಅಕ್ಕನಿಗೆ ಹೇಳಿಕಳಿಸಿದರು. ಅಕ್ಕ ಹೇಳಿಕಳಿಸಿದಳು: ಬಾಗಿಲಿಗೆ ಬರಲಿ, ಗಾಡಿ ಸಮೇತ ಬರಲಿ, ನಾನು ಒಂದು ಗುಂಡಿಗೂ ಇಳಿಯುವುದಿಲ್ಲ. ಹೆಂಡತಿಯನ್ನು ಕರೆಯಲು ಬಂದವನು ಹೊಸ್ತಿಲವರೆಗೆ ಬರಬೇಕು ಎನ್ನುವುದು ನಮ್ಮಲ್ಲಿ ಇದ್ದೇ ಇದೆ. ಗಾಡಿ ಬಿಟ್ಟು ತಾವೊಬ್ಬರೇ ನಡೆದು ಬರಬಹುದಿತ್ತು. ಒಮ್ಮೆ ಹಾಗೆ ಬಂದರು ಕೂಡ. ಅಕ್ಕ ಒಳಗಿನಿಂದಲೇ, "ಗಾಡಿ ಎಲ್ಲಿ?" ಅಂದಳು. ಅವರು ಬಂದ ದಾರಿಯಲ್ಲೇ ನಡೆದು ಹೋದರು.

ಹೀಗೆ ಎಂಟು ತಿಂಗಳು ಹೋಯಿತು. ಪ್ರತಿ ಭಾನುವಾರ ಅವ್ವ ಊಟದ ಕ್ಯಾರಿಯರ್ ಕಟ್ಟಿಕೊಡುತ್ತಿದ್ದಳು, ನಾನು ಮೈಲಿಗಲ್ಲಿಗೆ ತೆಗೆದುಕೊಂಡು ಹೋಗುತ್ತಿದ್ದೆ. ಭಾವ ಅಷ್ಟು ಹೊತ್ತಿಗೆ ಒಂದು ಹಳದಿ ಬಟ್ಟೆಯಲ್ಲಿ ಚಕ್ರ ಒರೆಸುತ್ತಾ ಕೂತಿರುತ್ತಿದ್ದರು. ಕಡ್ಡಿ ಕಡ್ಡಿಯ ಸಂದಿಗೂ ಬೆರಳು ಹಾಕಿ ಒರೆಸುತ್ತಿದ್ದರು. ಊಟ ಮಾಡುವಾಗ, "ಏನಂದ್ಲು?" ಎಂದು ಕೇಳುತ್ತಿದ್ದರು. ನಾನು ತಲೆ ಅಡ್ಡ ಆಡಿಸುತ್ತಿದ್ದೆ. ಅನ್ನ ಕಲೆಸುವ ಕೈ ಸ್ವಲ್ಪ ಹೊತ್ತು ನಿಂತು, ಮತ್ತೆ ಕಲೆಸುತ್ತಿತ್ತು. ಕೆಟ್ಟ ಮನುಷ್ಯನಲ್ಲ ಎಂದು ಆ ಕೈ ನೋಡಿದಾಗಲೆಲ್ಲ ಅನ್ನಿಸುತ್ತಿತ್ತು. ಕ್ಯಾರಿಯರ್ ತೊಳೆದೇ ಕೊಡುತ್ತಿದ್ದರು.

ಮನೆಯಲ್ಲಿ ನಾನು ಟ್ರಂಕನ್ನು ನೋಡುತ್ತಿದ್ದೆ. ಅಕ್ಕ ಬಂದ ದಿನ ಅದನ್ನು ಬಾಗಿಲ ಹಿಂದೆ ಇಟ್ಟವಳು ಬಿಚ್ಚಿರಲಿಲ್ಲ. ಒಂದು ತಿಂಗಳಾದ ಮೇಲೆ ಬಾಚಣಿಗೆ ಈಚೆ ಬಂತು. ಆಮೇಲೆ ಎರಡು ನಿತ್ಯದ ಸೀರೆ. ದೀಪಾವಳಿ ಹೊತ್ತಿಗೆ ಹೊಲಿಗೆಯ ಡಬ್ಬಿ. ಅಕ್ಕ ರುದ್ರಮ್ಮನವರ ಹಿಟ್ಟಿನ ಗಿರಣಿಗೆ ಕೆಲಸಕ್ಕೆ ಹೋಗಲು ಶುರು ಮಾಡಿದಳು. ಬೇಸಿಗೆಗೆ ಟ್ರಂಕಿನಲ್ಲಿ ಉಳಿದದ್ದು ಕೆಸರು ತೊಳೆದು ಮಡಿಸಿಟ್ಟ ಆ ರೇಷ್ಮೆ ಸೀರೆ ಒಂದೇ. ಒಂದು ಶುಕ್ರವಾರ ಅವಳು ಬೀರುವಿನಲ್ಲಿ ಜಾಗ ಮಾಡುತ್ತಿದ್ದಳು. ಅವ್ವನ ಸೀರೆಗಳನ್ನು ಒಂದು ಕಡೆಗೆ ಒತ್ತಿ, ಇನ್ನೊಂದು ಕಡೆ ಅಂಗೈಯಿಂದ ಸವರಿ ನೋಡುತ್ತಿದ್ದಳು. ಟ್ರಂಕು ಖಾಲಿಯಾದರೆ ಅಕ್ಕ ಇನ್ನು ಹೋಗುವುದಿಲ್ಲ ಎಂದು ನನಗೆ ಗೊತ್ತಾಯಿತು. ಅವಳು ಮಲಗುವಾಗ ಗೋಡೆಗೆ ಮುಖ ಮಾಡಿ ಬಳೆ ತಿರುಗಿಸುತ್ತಿದ್ದುದೂ ನನಗೊಬ್ಬಳಿಗೇ ಗೊತ್ತಿತ್ತು.

ಆ ಭಾನುವಾರ ಭಾವ "ಏನಂದ್ಲು?" ಎಂದು ಕೇಳಿದಾಗ ನಾನು ತಲೆ ಆಡಿಸಲಿಲ್ಲ. ನೆಲ ನೋಡುತ್ತಾ, "ಭಾವ, ಟ್ರಂಕಲ್ಲಿ ಇನ್ನೊಂದೇ ಸೀರೆ ಇದೆ," ಅಂದೆ.

ಅವರಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ತುತ್ತು ಕ್ಯಾರಿಯರಿನಲ್ಲೇ ಬಿಟ್ಟು ಕೈ ತೊಳೆದರು. "ಬರೋ ಭಾನುವಾರ ಬರ್ತೀನಿ ಅಂತ ಹೇಳು. ಗಾಡಿ ಸಮೇತ."

ಅಪ್ಪ ಬೀದಿಗೆಲ್ಲ ಹೇಳಿದ. ಮೈಲಿಗಲ್ಲಿನಿಂದ ನಮ್ಮ ಮನೆಯವರೆಗೆ ಅವತ್ತು ನಲವತ್ತು ಸ್ಟೂಲುಗಳಾದರೂ ಇದ್ದಿರಬೇಕು. ಕೆಲವರು ಛತ್ರಿ ಹಿಡಿದು ಕೂತಿದ್ದರು. ರುದ್ರಮ್ಮ ಗಿರಣಿಯನ್ನೇ ನಿಲ್ಲಿಸಿ ಬಂದು, "ಇಷ್ಟು ಜನ ನನ್ ಮದುವೇಲೂ ಕಾಯಲಿಲ್ಲ ಕಣವ್ವ," ಎಂದು ಕೂತರು. ನಮ್ಮ ಬಾಗಿಲ ಮುಂದಿನದು ಊರಿಗೇ ದೊಡ್ಡ ಗುಂಡಿ, ಮೊಣಕಾಲಿನವರೆಗೆ ಆಳ. ಅದು ನನ್ನದು. ಹಿಂದಿನ ದಿನದ ಮಳೆಯ ನೀರು ತುಂಬಿ ಕೆಸರು ತಳಕ್ಕೆ ಕೂತಿತ್ತು. ತಿಳಿಯಾದ ನೀರಿನಲ್ಲಿ ನಮ್ಮ ಮನೆಯ ಬಾಗಿಲು, ಹೊಸ್ತಿಲ ಮೇಲೆ ರೇಷ್ಮೆ ಸೀರೆ ಉಟ್ಟು ನಿಂತ ಅಕ್ಕ, ಅವಳ ಪಕ್ಕದಲ್ಲಿ ಮತ್ತೆ ತುಂಬಿದ ಟ್ರಂಕು, ಎಲ್ಲ ತಲೆಕೆಳಗಾಗಿ ಕಾಣುತ್ತಿದ್ದವು. ನಾನು ಗುಂಡಿಯಿಂದ ಕಣ್ಣು ತೆಗೆಯದೆ ಎಲ್ಲವನ್ನೂ ನೋಡುತ್ತಿದ್ದೆ.

ಕಾರು ನಡೆಯುವ ಮಗುವಿಗಿಂತ ನಿಧಾನವಾಗಿ ಬರುತ್ತಿತ್ತು. "ಎಡಕ್ಕೆ ಅಳಿಯಂದ್ರೆ, ಇನ್ನೂ ಎಡಕ್ಕೆ. ಬಂತು, ಬಂತು, ದಾಟ್ತು," ಎಂದು ಕರೀಂ ಸಾಬ್ರು ತಮ್ಮ ಗುಂಡಿ ನೋಡುತ್ತಲೇ ಹೇಳಿದರು. ಯಾರ ಗುಂಡಿಯೂ ಅಲುಗಲಿಲ್ಲ. ಒಂದು ಚಕ್ರಕ್ಕೂ ಏಟಾಗಲಿಲ್ಲ. ಉಳಿದದ್ದು ನನ್ನದೊಂದೇ. ಅದರ ಪಕ್ಕದಲ್ಲಿ ಒಂದು ಕಾರಿಗಾಗುವಷ್ಟು ಜಾಗ ಸರಿಯಾಗಿ ಇತ್ತು.

ಆಗ ನೀರಿನಲ್ಲಿ ಭಾವನ ಮುಖ ಬಂತು. ಅವರು ಕಿಟಕಿಯಿಂದ ಕುತ್ತಿಗೆಯವರೆಗೆ ಹೊರಗೆ ಬಾಗಿ ಮುಂದಿನ ಚಕ್ರವನ್ನೇ ನೋಡುತ್ತಿದ್ದರು. ಅಕ್ಕ ಹತ್ತು ಹೆಜ್ಜೆ ದೂರದಲ್ಲಿದ್ದಳು. ಎಂಟು ತಿಂಗಳ ಮೇಲೆ ಅವಳು ಅವರ ಕಣ್ಣೆದುರಿಗೆ ನಿಂತಿದ್ದಳು, ತಲೆಗೆ ಮಲ್ಲಿಗೆ ಮುಡಿದಿದ್ದಳು. ಭಾವ ತಲೆ ಎತ್ತಲಿಲ್ಲ.

"ಗಿರಿಜಾ, ಚಕ್ರ ತಾಗಲ್ಲ ತಾನೆ?" ಅಂದರು.

ನೀರಿನಲ್ಲಿ ಅಕ್ಕನ ಸೀರೆಯಂಚು ಅಲುಗಿತು. ಹೊಸ್ತಿಲ ಮೇಲಿದ್ದ ಪಾದ ಒಂದು ಹೆಜ್ಜೆ ಹಿಂದಕ್ಕೆ, ಒಳಗಿನ ನೆಲದ ಮೇಲೆ ಹೋಯಿತು. ಅದು ಬೇರೆ ಯಾರಿಗೂ ಕಂಡಿರಲಾರದು. ಈ ಕಾರು ಹೀಗೇ ಒಂದು ಗೀರೂ ಇಲ್ಲದೆ ಬಂದು ನಿಂತರೆ ಅಕ್ಕ ಹತ್ತುವುದಿಲ್ಲ, ಹತ್ತಿದರೂ ಆ ಚಕ್ರಗಳ ಹಿಂದೆ ಐದನೆಯವಳಾಗಿ ಹತ್ತುತ್ತಾಳೆ ಅನ್ನಿಸಿತು.

ನಾನು ಗುಂಡಿಯಿಂದ ಕಣ್ಣು ತೆಗೆದೆ. ಜಾರಲಿಲ್ಲ. ತೆಗೆದೆ. ತಲೆ ಎತ್ತಿ ಅಕ್ಕನ ಮುಖ ನೋಡಿದೆ.

ತೆಂಗಿನಕಾಯಿ ಒಡೆದಂಥ ಸದ್ದಾಯಿತು. ಕಾರು ಒಂದು ಪಕ್ಕಕ್ಕೆ ಕೂತು ನಿಂತಿತು. ನಲವತ್ತು ಮನೆಯವರೂ ಒಂದೇ ಸಲ ತಿರುಗಿದ್ದರಿಂದ ಊರಿನ ಅಷ್ಟೂ ಗುಂಡಿಗಳು ಆ ಹೊತ್ತಿಗೆ ಸರಿದವು.

ಭಾವ ಇಳಿದು ಚಕ್ರದ ಮುಂದೆ ಕುಕ್ಕರಿಸಿದರು. ಎರಡು ಕಡ್ಡಿ ತುಂಡಾಗಿ, ಅಂಚು ಸೀಳಿತ್ತು. ಗಾಳಿ ಹೋದ ಟೈರು ಚಪ್ಪಲಿಯ ಹಾಗೆ ಬಿದ್ದಿತ್ತು. ಅಪ್ಪ ಬಂದು ನೋಡಿ, "ಇದಕ್ಕೆ ನನ್ನ ಹತ್ರ ಮದ್ದಿಲ್ಲ ಅಳಿಯಂದ್ರೆ," ಎಂದ. ಭಾವ ಜೇಬಿನಿಂದ ಹಳದಿ ಬಟ್ಟೆ ತೆಗೆದು ಸೀಳಿದ ಜಾಗದ ಕೆಸರು ಒರೆಸತೊಡಗಿದರು.

ಅಕ್ಕ ಹೊಸ್ತಿಲು ದಾಟಿ ಬಂದಳು. ಬಂದು, ಅದೇ ರೇಷ್ಮೆ ಸೀರೆಯಲ್ಲಿ, ಅವರ ಪಕ್ಕ ಕೆಸರಿನಲ್ಲೇ ಕೂತಳು.

"ಹನ್ನೊಂದು ವರ್ಷ ಕಂಡೋರ ಗಾಡಿ ಒರೆಸಿದೀನಿ ನೀಲಾ. ಇದೊಂದು ನಂದು ಅಂತ..." ಭಾವ ಅವಳ ಕಡೆ ತಿರುಗದೆಯೇ ಹೇಳಿದರು.

"ನಂಗೊತ್ತಿಲ್ವಾ? ಒರೆಸೋ ಬಟ್ಟೆಗೆ ಅಂಚು ಹೊಲಿದುಕೊಟ್ಟೋಳು ಯಾರು?"

ಭಾವ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದರು.

"ನಾನು ಎಷ್ಟು ಸಲ ಇಳಿದೆ ಅಂತ ಗೊತ್ತಾ ನಿಮಗೆ?"

"ಹದಿನೇಳು."

ಅಕ್ಕ ಅವರ ಕಡೆ ತಿರುಗಿದಳು. ಅವರಿಗೆ ಗೊತ್ತಿರುವುದಿಲ್ಲ ಎಂದೇ ಅವಳು ಎಂಟು ತಿಂಗಳು ನಂಬಿದ್ದಳು. "ಅವಾಗ್ಲೇ ಎಣಿಸಿದ್ರಾ?"

"ಇಲ್ಲ. ಹದಿನೇಳನೇದು ಆದ್ಮೇಲೆ ಹಿಂದಿಂದ ಎಣಿಸ್ದೆ. ದಿನಾ ಎಣಿಸ್ತೀನಿ."

ಆಗ ಅವರು ತಲೆ ಎತ್ತಿ ಅವಳನ್ನು ನೋಡಿದರು. ಅಕ್ಕ ಬಟ್ಟೆಯ ಇನ್ನೊಂದು ತುದಿ ಹಿಡಿದು ಅವರ ಬೆರಳಿಗೆ ಮೆತ್ತಿದ ಕೆಸರು ಒರೆಸಿ, "ಏಳಿ, ಊಟ ಆರ್ತಾ ಇದೆ," ಅಂದಳು.

ಪೇಟೆಯಿಂದ ಅಂಥದೇ ಚಕ್ರ ತರಿಸಲು ಆಗಲಿಲ್ಲ. ಅದೇ ಐದು ಬೋಲ್ಟಿನ, ಹೊರಸುತ್ತು ಅಷ್ಟೇ ಬರುವ ಒಂದು ಕಬ್ಬಿಣದ ರಿಮ್ಮು ಹುಡುಕಲು ಅಪ್ಪನಿಗೆ ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ಭಾವ ನಮ್ಮ ಮನೆಯಲ್ಲೇ ಇದ್ದರು. ಅಪ್ಪನ ಜೊತೆ ಅಂಗಡಿಯಲ್ಲಿ ಟೈರು ಬಿಚ್ಚಿದರು. ಸಂಜೆ ಅಕ್ಕನ ಜೊತೆ ಗಿರಣಿಯಿಂದ ನಡೆದು ಬರುತ್ತಿದ್ದರು. ಮೊದಲೆರಡು ದಿನ ನಾಲ್ಕು ಹೆಜ್ಜೆ ಅಂತರದಲ್ಲಿ, ಆಮೇಲೆ ಒಟ್ಟಿಗೆ.

ಬೀದಿಯಲ್ಲಿ ನನ್ನ ಮಾತು ನಡೆಯುತ್ತಿತ್ತು. "ಹತ್ತು ವರ್ಷ ಕಾದೋಳು, ಮನೆ ಬಾಗಿಲಲ್ಲೇ ಹಿಂಗಾಗೋಯ್ತಲ್ಲ," ಎಂದು ಒಬ್ಬರು. ರುದ್ರಮ್ಮ ತಮ್ಮ ಮಗನ ಮದುವೆಗೆ ನನ್ನನ್ನು ಕೂರಿಸುವುದಾಗಿ ಹೇಳಿದ್ದರು, ಈಗ ಬೇರೆಯವರಿಗೆ ಹೇಳಿದರು. ಅಪ್ಪ ಬೈಯಲಿಲ್ಲ. ಒಂದು ದಿನ ನನ್ನ ಕಣ್ಣಿನ ರೆಪ್ಪೆ ಬಿಡಿಸಿ ಬೆಳಕಿಗೆ ಹಿಡಿದು ನೋಡಿದ. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಏಳನೆಯ ದಿನ ಅಂಗಡಿಯ ಮುಂದೆ ಯಾರೋ ಇದೇ ಮಾತು ತೆಗೆದಾಗ ಭಾವ, "ಪಾಪ, ಹುಡುಗಿ ಕಣ್ಣಿಗೆ ಧೂಳು ಬಿದ್ದಿರ್ತದೆ, ಬಿಡ್ರಪ್ಪ," ಅಂದರು. ಬಂದವರು ಹೋದ ಮೇಲೆ ತೊಟ್ಟಿಯ ಹತ್ತಿರ ಭಾವ, ನಾನು ಇಬ್ಬರೇ ಉಳಿದೆವು. ನಾನು ಟ್ಯೂಬು ಅದ್ದಿ ಹಿಡಿದುಕೊಂಡಿದ್ದೆ. ಏಳನೇ ಕ್ಲಾಸಿನಲ್ಲಿ ನಿಂತಾಗಿನ ಹಾಗೇ ಹೇಳಬೇಕಾದದ್ದೆಲ್ಲ ಕಣ್ಣೆದುರಿಗಿತ್ತು.

"ಧೂಳು ಬಿದ್ದಿರ್ಲಿಲ್ಲ ಭಾವ," ಅಂದೆ. "ನಾನೇ ಕಣ್ಣು ತೆಗೆದೆ."

ಅವರ ಕೈಯ ಸ್ಪ್ಯಾನರು ನಿಂತಿತು. "ಯಾಕೆ?"

"ನೀವು ಅಕ್ಕನ್ನ ನೋಡ್ಲಿಲ್ಲ. ಚಕ್ರ ನೋಡ್ತಿದ್ರಿ. ಅಕ್ಕ ಹಿಂದಕ್ಕೆ ಹೆಜ್ಜೆ ಇಟ್ಲು."

ಅಷ್ಟು ಉದ್ದದ ಮಾತನ್ನು ಮನೆಯವರಲ್ಲದವರ ಜೊತೆ ನಾನು ಆಡಿದ್ದು ಅದೇ ಮೊದಲು. ಅವರು ಬೈಯುತ್ತಾರೆ ಎಂದುಕೊಂಡೆ, ಬೈದರೆ ಸರಿ ಎಂದೂ ಅನ್ನಿಸಿತು. ಆ ಚಕ್ರ ಅವರಿಗೆ ಏನೆಂದು ಭಾನುವಾರ ಭಾನುವಾರವೂ ನೋಡಿದವಳು ನಾನು. ಟ್ಯೂಬಿನಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಭಾವ ಬಹಳ ಹೊತ್ತು ಅವನ್ನೇ ನೋಡಿದರು.

"ಅವಳಿಗೆ ಹೇಳಿದೀಯಾ?"

"ಇಲ್ಲ."

"ಹೇಳ್ಬೇಡ. ನಾನೇ ಹೇಳ್ತೀನಿ, ಅವತ್ತು ನಾನು ಅವಳನ್ನ ನೋಡ್ಲಿಲ್ಲ ಅಂತ." ಆಮೇಲೆ ಬೆರಳು ತೋರಿಸಿದರು. "ಅಲ್ಲಿ ತೂತು. ಗುರುತು ಹಾಕು."

ಅವರು ಹೇಳಿದರು. ಆ ಸಂಜೆ ಅಕ್ಕ ಗಿರಣಿಯಿಂದ ಬಂದವಳು ನನ್ನ ಪಕ್ಕ ಕೂತು, ಏನೂ ಕೇಳದೆ, ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದಳು.

ಹತ್ತನೆಯ ದಿನ ಹೊರಟರು. ಮೂರು ಚಕ್ರ ಬೆಳ್ಳಿಯ ಹಾಗೆ, ಒಂದು ಕಪ್ಪು ಕಬ್ಬಿಣದ್ದು, ಅದಕ್ಕೆ ಅಪ್ಪನ ಉಬ್ಬಿದ ಟೈರು. ಉಳಿದ ಮೂರನ್ನೂ ಬದಲಾಯಿಸಿಬಿಡಿ ಎಂದು ಅಪ್ಪ ಹೇಳಿದ. ಭಾವ ತಲೆ ತಗ್ಗಿಸಿ, "ಇರೋವಷ್ಟು ದಿನ ಇರ್ಲಿ ಮಾವ," ಅಂದರು. ಅಕ್ಕ ಹಿಂದಿನ ಸೀಟಿಗೆ ಟ್ರಂಕು ತಳ್ಳುತ್ತಾ, "ಇರ್ಲಿ ಬಿಡಪ್ಪ. ಚೆನ್ನಾಗವೆ," ಅಂದಳು. ಗುಂಡಿ ಕಾಯಲು ಯಾರಿಗೂ ಹೇಳಬೇಡಿ ಎಂದು ಮೊದಲೇ ಹೇಳಿದ್ದಳು. ಆದರೂ ಬೀದಿಯವರು ಜಗುಲಿಗಳ ಮೇಲೆ ಬಂದು ನಿಂತಿದ್ದರು. ನೋಡುತ್ತಿದ್ದದ್ದು ಗುಂಡಿಗಳನ್ನಲ್ಲ, ಕಾರಿನ ಬಾಗಿಲನ್ನು.

ಕಾರು ನಮ್ಮ ಮನೆಯ ಮುಂದಿನ ಗುಂಡಿಯ ಹತ್ತಿರ ನಿಂತಿತು. ಬಾಗಿಲು ತೆರೆಯಿತು. ಮತ್ತೆ ಅಕ್ಕನೇ ಇಳಿಯುತ್ತಾಳೆ ಅಂದುಕೊಂಡೆ. ಇಳಿದದ್ದು ಭಾವ. ಮುಂದೆ ಹೋಗಿ ಗುಂಡಿಯ ಅಂಚು ನೋಡಿ, ಎಷ್ಟು ಜಾಗವಿದೆ ಎಂದು ಕೈಯಲ್ಲಿ ಅಳೆದರು. ಆಮೇಲೆ ಹಿಂದಕ್ಕೆ ತಿರುಗಿ ಬಂದು ಹತ್ತಬೇಕು. ಅಷ್ಟರಲ್ಲಿ ಗುಂಡಿ ಸರಿಯುತ್ತದೆ. ಆದರೆ ಅಕ್ಕ ತನ್ನ ಸೀಟಿನಲ್ಲೇ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿ, ಗುಂಡಿಯ ಮೇಲೆ ಕಣ್ಣಿಟ್ಟಿದ್ದಳು. ಭಾವ ಹತ್ತಿ ಕೂತು ಬಾಗಿಲು ಹಾಕಿಕೊಳ್ಳುವವರೆಗೂ ತೆಗೆಯಲಿಲ್ಲ.

"ಇದೆಯಾ?" ಎಂದು ಅವರು ಕೇಳಿದ್ದು ನನಗೆ ಕೇಳಿಸಿತು.

"ಇದೆ. ಬಲಕ್ಕೆ ತಗೊಳ್ಳಿ."

ಕಾರು ದಾಟಿತು. ಕರೀಂ ಸಾಬ್ರ ಅಂಗಡಿಯ ಮುಂದೆಯೂ ಹಾಗೆಯೇ, ಭಾವ ಇಳಿದರು, ನೋಡಿದರು, ಹತ್ತಿದರು. ಅಕ್ಕ ಕಾದಳು. ತಿರುವಿನವರೆಗೆ ಆರು ಗುಂಡಿ ನನಗೆ ಕಂಡವು, ಆರಕ್ಕೂ ಇಳಿದದ್ದು ಅವರೇ.

ತಿರುವಿನಲ್ಲಿ ಕಾರು ಮರೆಯಾದ ಮೇಲೆ ನಾನು ನಮ್ಮ ಬಾಗಿಲ ಮುಂದೆ ನೋಡಿದೆ. ಗುಂಡಿ ಎರಡು ಮಾರು ಈಚೆಗೆ, ನನ್ನ ಸ್ಟೂಲಿನ ಹತ್ತಿರಕ್ಕೆ ಬಂದಿತ್ತು. ಸ್ಟೂಲನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು ಕೂತೆ.